ಹಳೆಯ ಡೀಸೆಲ್ ಇಂಜಿನಿಗೆ ಟರ್ಬೋಚಾರ್ಜರ್ ಜೋಡಿಸುವ ವಿಚಾರ

ಗ್ರಾಮಾಂತರಗಳಲ್ಲಿ ಜಮೀನು ತೋಟಗಳುಳ್ಳ ಅನೇಕರ ಮನೆಗಳಲ್ಲಿ ಇಪ್ಪತ್ತು ಇಪ್ಪತ್ತೈದು ವರ್ಷಗಳಷ್ಟು ಹಳೆಯವಾದ ಡೀಸೆಲ್ ಜೀಪುಗಳೂ ಕಾರುಗಳೂ ಈಗಲೂ ಕೆಲಸ ಮಾಡುತ್ತಿರುವುದು ವಾಚಕರಿಗೆ ತಿಳಿದ ವಿಷಯವಾಗಿದೆ. ಗೊಬ್ಬರದ ಚೀಲಗಳನ್ನು ತರುವುದು, ಅಡಿಕೆಯ ಮೂಟೆಗಳನ್ನು ಮಂಡಿಗೆ ಸಾಗಿಸುವುದು, ಕೂಲಿಯಾಳುಗಳನ್ನು ಕರೆತರುವುದು ಮೊದಲಾದ ನಿತ್ಯದ ಕೆಲಸಗಳಲ್ಲದೆ, ರಾತ್ರಿಯ ವೇಳೆ ಕಾಯಿಲೆಯವರನ್ನೂ ಹೆರಿಗೆಯ ಹೆಂಗಸರನ್ನೂ ಪಟ್ಟಣದ ಆಸ್ಪತ್ರೆಗೆ ಮುಟ್ಟಿಸುವ ಭಾರವೂ ಕೆಲವು ಗ್ರಾಮಗಳಲ್ಲಿ ಇಂಥ ಒಂದೇ ಒಂದು ವಾಹನದ ಮೇಲೆ ಬಿದ್ದಿರುತ್ತದೆ. ಈ ಹಳೆಯ ವಾಹನಗಳಲ್ಲಿ ಅನೇಕವು ಟರ್ಬೋಚಾರ್ಜರ್ ಇಲ್ಲದವು. ಹೊಸ ವಾಹನಗಳು ಘಾಟಿಯ ಏರಿನಲ್ಲಿ ಸಲೀಸಾಗಿ ಮುಂದೆ ಹೋಗುತ್ತಿರಲು, ಇವು ಎರಡನೆಯ ಗೇರಿನಲ್ಲಿ ಕರಿಯ ಹೊಗೆಯನ್ನು ಕಾರುತ್ತ ಹಿಂದೆ ಉಳಿಯುವುದನ್ನು ಕಂಡ ಯಜಮಾನರಿಗೆ, ತಮ್ಮ ವಾಹನಕ್ಕೂ ಒಂದು ಟರ್ಬೋ ಹಾಕಿಸಿದರೆ ಹೇಗೆ ಎಂಬ ಯೋಚನೆ ಬರುವುದು ಸಹಜವೇ ಆಗಿದೆ. ಗ್ಯಾರೇಜುಗಳಲ್ಲಿ ಇದಕ್ಕೆ ಪ್ರೋತ್ಸಾಹ ಕೊಡತಕ್ಕವರೂ ಉಂಟು. ಗುಜರಿಯಿಂದ ತಂದ ಟರ್ಬೋ ಒಂದನ್ನು ಎರಡು ದಿವಸಗಳಲ್ಲಿ ಜೋಡಿಸಿಕೊಡುವುದಾಗಿ ಅವರು ಹೇಳುತ್ತಾರೆ. ಈ ಕೆಲಸವು ಮಾಡತಕ್ಕದ್ದೇ ಅಲ್ಲವೇ ಎಂದು ಕೇಳತಕ್ಕವರ ಉಪಯೋಗಕ್ಕಾಗಿ ಈ ಲೇಖನವನ್ನು ಬರೆದಿದೆ.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ಯುಕ್ತವಾಗಿದೆ. ಟರ್ಬೋಚಾರ್ಜರ್ ಇಂಜಿನಿಗೆ ಕೊಡುವುದು ಗಾಳಿಯನ್ನು ಮಾತ್ರ. ಶಕ್ತಿಯು ಬರುವುದು ಆ ಗಾಳಿಯಲ್ಲಿ ಹೆಚ್ಚಾಗಿ ಉರಿಸಿದ ಡೀಸೆಲ್ ಎಣ್ಣೆಯಿಂದ. ಹೆಚ್ಚಾಗಿ ಉರಿಸಿದ ಎಣ್ಣೆಯ ಕಾವನ್ನು ತಡೆಯುವಂತೆ ಇಂಜಿನಿನ ಒಳಗಿನ ಭಾಗಗಳು ನಿರ್ಮಿತವಾಗಿಲ್ಲದಿದ್ದರೆ, ಹೊರಗಿನಿಂದ ಎಷ್ಟು ಅಂದವಾಗಿ ಜೋಡಿಸಿದರೂ ಕೆಲಸವು ಕೆಡುವುದು. ಆದುದರಿಂದ ಟರ್ಬೋವಿನ ಬೆಲೆಯನ್ನು ವಿಚಾರಿಸುವುದಕ್ಕೆ ಮುಂಚೆ ಇಂಜಿನಿನ ಒಳಗನ್ನು ವಿಚಾರಿಸತಕ್ಕದ್ದು.

ಗಾಳಿಯ ಲೆಕ್ಕ

ಪೆಟ್ರೋಲ್ ಇಂಜಿನಿನಲ್ಲಿರುವಂತೆ ಡೀಸೆಲ್ ಇಂಜಿನಿನಲ್ಲಿ ಬೆಂಕಿಯ ಕಿಡಿ ಇರುವುದಿಲ್ಲ. ಸಿಲಿಂಡರಿನೊಳಗೆ ಹೀರಲ್ಪಟ್ಟ ಗಾಳಿಯನ್ನು ಪಿಸ್ಟನ್ನು ಇಪ್ಪತ್ತರಲ್ಲೊಂದು ಪಾಲಿನಷ್ಟು ಜಾಗಕ್ಕೆ ಒತ್ತುವುದರಿಂದ ಗಾಳಿಯು ಕಾಯುತ್ತದೆ. ಕಾದ ಗಾಳಿಯಲ್ಲಿ ಡೀಸೆಲ್ ಎಣ್ಣೆಯನ್ನು ತುಂತುರಾಗಿ ಚಿಮ್ಮಿಸಿದ ಕೂಡಲೆ ಅದು ತಾನಾಗಿ ಹೊತ್ತಿಕೊಳ್ಳುತ್ತದೆ. ಹೀಗಿರುವಲ್ಲಿ ಎಷ್ಟು ಎಣ್ಣೆಯನ್ನು ಉರಿಸಬಹುದೆಂಬುದು ಎಷ್ಟು ಗಾಳಿ ಒಳಗೆ ಬಂದಿದೆ ಎಂಬುದನ್ನು ಅವಲಂಬಿಸಿರುತ್ತದೆ.

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ೧೯೯೮ರಲ್ಲಿ ಹೊರಬಂದ ಟಾಟಾ ಇಂಡಿಕಾ ಡೀಸೆಲ್ ಕಾರಿನ ಇಂಜಿನು ೧೪೦೫ ಘನ ಸೆಂಟಿಮೀಟರುಗಳದು. ಅದಕ್ಕೆ ಟರ್ಬೋ ಇರಲಿಲ್ಲ. ಇಂಥ ಇಂಜಿನು ಎರಡು ಸುತ್ತು ತಿರುಗುವಷ್ಟರಲ್ಲಿ ಹೆಚ್ಚೆಂದರೆ ೧.೪ ಲೀಟರ್ ಗಾಳಿಯನ್ನು ಹೀರಬಲ್ಲದು. ನಿಮಿಷಕ್ಕೆ ೩೦೦೦ ಸುತ್ತುಗಳ ವೇಗದಲ್ಲಿ ಲೆಕ್ಕಕ್ಕೆ ೨೧೦೦ ಲೀಟರ್ ಆಗುತ್ತದಾದರೂ, ಕೊಳವೆಗಳಲ್ಲಿಯೂ ವಾಲ್ವುಗಳಲ್ಲಿಯೂ ಆಗತಕ್ಕ ಅಡ್ಡಿಯಿಂದ ವಾಸ್ತವವಾಗಿ ೧೮೦೦ ಲೀಟರಿನಷ್ಟು ಬರಬಹುದು. ಬೆಚ್ಚಗಿನ ದಿವಸದಲ್ಲಿ ಇದರ ತೂಕ ಸುಮಾರು ೨ ಕಿಲೋಗ್ರಾಂ. ಒಂದು ಕಿಲೋಗ್ರಾಂ ಡೀಸೆಲ್ ಎಣ್ಣೆಯು ಪೂರ್ತಿಯಾಗಿ ಉರಿಯುವುದಕ್ಕೆ ಹದಿನಾಲ್ಕೂವರೆ ಕಿಲೋಗ್ರಾಂ ಗಾಳಿ ಸಾಕೆಂದು ರಸಾಯನಶಾಸ್ತ್ರವು ಹೇಳುತ್ತದೆ. ಆದರೆ ಎಣ್ಣೆಗೂ ಗಾಳಿಗೂ ಬೆರೆಯುವ ಸಮಯವು ಅತ್ಯಲ್ಪವಾದುದರಿಂದ, ಹೊಗೆಯಿಲ್ಲದೆ ಉರಿಸಬೇಕಾದರೆ ಹದಿನೆಂಟು ಇಪ್ಪತ್ತು ಕಿಲೋಗ್ರಾಂ ಬೇಕು. ಆ ಲೆಕ್ಕದಲ್ಲಿ ನಿಮಿಷಕ್ಕೆ ೧೦೦ ಗ್ರಾಂ ಎಣ್ಣೆಗೆ ಸ್ವಲ್ಪ ಮೇಲೆ ಮಾತ್ರ ಆ ಇಂಜಿನಿಗೆ ಜೀರ್ಣವಾಗುವುದು. ಅದಕ್ಕಿಂತ ಹೆಚ್ಚಾಗಿ ಕುಡಿಸಿದ ಎಣ್ಣೆಯು ಕರಿಯ ಹೊಗೆಯಾಗಿ ಹಿಂದಿನ ಕೊಳವೆಯಿಂದ ಹೊರಬೀಳುತ್ತದೆಯೇ ಹೊರತು ಚಕ್ರಕ್ಕೆ ಮುಟ್ಟುವುದಿಲ್ಲ.

ಮಲೆನಾಡಿನವರೂ ಕೊಡಗಿನವರೂ ಗಮನಿಸಬೇಕಾದ ಇನ್ನೊಂದು ಸಂಗತಿಯುಂಟು. ಮಡಿಕೇರಿಯು ಸಮುದ್ರ ಮಟ್ಟಕ್ಕಿಂತ ೧೧೦೦ ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಅಷ್ಟು ಎತ್ತರದಲ್ಲಿ ಗಾಳಿಯು ಮಂಗಳೂರಿನಲ್ಲಿರುವುದಕ್ಕಿಂತ ಸುಮಾರು ಹತ್ತರಲ್ಲೊಂದು ಪಾಲು ತೆಳುವಾಗಿರುತ್ತದೆ. ಹಳೆಯ ಡೀಸೆಲ್ ಪಂಪುಗಳಲ್ಲಿ ಬಹುತೇಕವು ಇದನ್ನು ತಿಳಿಯವು. ಕರಾವಳಿಯಲ್ಲಿ ಚಿಮ್ಮಿಸಿದಷ್ಟೇ ಎಣ್ಣೆಯನ್ನು ಬೆಟ್ಟದ ಮೇಲೂ ಚಿಮ್ಮಿಸುತ್ತವೆ. ಚಾರ್ಮಾಡಿ, ಸಂಪಾಜೆ ಮೊದಲಾದ ಘಾಟಿಗಳನ್ನು ಹತ್ತುತ್ತ ಹೋದಂತೆ ಹಳೆಯ ಜೀಪಿನ ಹೊಗೆ ಕಪ್ಪಾಗುತ್ತ ಬರುವುದಕ್ಕೆ ಇದೂ ಒಂದು ಕಾರಣ.

ತನ್ನ ಹೊಗೆಯಿಂದಲೇ ಊದಿಕೊಳ್ಳುವ ತಿದಿ

ಕಮ್ಮಾರನ ಕುಲುಮೆಯನ್ನು ನೋಡಿದವರಿಗೆ ಟರ್ಬೋವಿನ ತತ್ವವನ್ನು ತಿಳಿಯುವುದು ಕಷ್ಟವಲ್ಲ. ಅದೇ ಇದ್ದಲು, ಅದೇ ಒಲೆ. ತಿದಿಯನ್ನೊತ್ತಿದರೆ ಬೆಂಕಿ ಬಿಳುಪಾಗುತ್ತದೆ. ಟರ್ಬೋಚಾರ್ಜರ್ ಎಂಬುದು ಇಂಜಿನಿನ ತಿದಿ. ಒಂದು ಚಿಕ್ಕ ಉಕ್ಕಿನ ಕಡ್ಡಿಯ ಎರಡು ಕೊನೆಗಳಲ್ಲಿ ಎರಡು ರೆಕ್ಕೆಚಕ್ರಗಳು. ಇಂಜಿನಿನಿಂದ ರಭಸವಾಗಿ ಹೊರಡುವ ಬಿಸಿಹೊಗೆಯು ಒಂದು ಚಕ್ರವನ್ನು ತಿರುಗಿಸುತ್ತದೆ. ಅದರೊಡನೆ ತಿರುಗುವ ಇನ್ನೊಂದು ಚಕ್ರವು ಹೊರಗಿನ ಗಾಳಿಯನ್ನು ಸೆಳೆದು ಇಂಜಿನಿನೊಳಕ್ಕೆ ಒತ್ತುತ್ತದೆ. ಚಕ್ರಗಳ ಅಗಲ ಎರಡು ಮೂರು ಅಂಗುಲ ಮಾತ್ರ. ಆದರೆ ಅವು ನಿಮಿಷಕ್ಕೆ ಒಂದು ಲಕ್ಷ ಸುತ್ತುಗಳಿಗೂ ಮೀರಿ ತಿರುಗುತ್ತವೆ. ಅಂಥ ವೇಗದಲ್ಲಿ ಆ ಕಡ್ಡಿಯನ್ನು ಎತ್ತಿ ಹಿಡಿದಿರುವುದು ಇಂಜಿನ್ ಆಯಿಲಿನ ತೆಳ್ಳನೆಯ ಪದರವೇ ಆಗಿದೆ. ಆಯಿಲು ಕೆಲವು ಕ್ಷಣ ನಿಂತರೂ ಬೇರಿಂಗು ಸುಟ್ಟುಹೋಗುವುದು.

ಇಲ್ಲಿ ಒಂದು ಭ್ರಮೆಯನ್ನು ನಿವಾರಿಸಬೇಕಾಗಿದೆ. ಗಾಳಿಯ ಒತ್ತಡವು ಒಂದೂವರೆ ಪಾಲಾದರೆ ಗಾಳಿಯೂ ಒಂದೂವರೆ ಪಾಲಾಯಿತೆಂದು ಅನೇಕರು ತಿಳಿದಿರುತ್ತಾರೆ. ಸೈಕಲ್ ಪಂಪಿನಿಂದ ಗಾಳಿ ಹೊಡೆದವರಿಗೆಲ್ಲ ಪಂಪಿನ ತುದಿ ಬಿಸಿಯಾಗುವುದು ಗೊತ್ತು. ಹಾಗೆಯೇ ಟರ್ಬೋ ಒತ್ತಿದ ಗಾಳಿಯೂ ಕಾಯುತ್ತದೆ. ಹೊರಗೆ ೩೦ ಡಿಗ್ರಿ ಸೆಂಟಿಗ್ರೇಡ್ ಇರತಕ್ಕ ಗಾಳಿಯನ್ನು ಒಂದೂವರೆ ಪಾಲು ಒತ್ತಡಕ್ಕೆ, ಎಂದರೆ ಟೈರಿಗೆ ಗಾಳಿ ಹಿಡಿಸುವ ಲೆಕ್ಕದಲ್ಲಿ ೭ ಪೌಂಡಿನಷ್ಟು, ಒತ್ತಿದರೆ ಅದು ಸುಮಾರು ೮೫ ಡಿಗ್ರಿಗೆ ಏರುತ್ತದೆ. ಕಾದ ಗಾಳಿ ಹಿಗ್ಗುವುದರಿಂದ ತೂಕದಲ್ಲಿ ದೊರೆಯುವುದು ಒಂದೂ ಕಾಲು ಪಾಲು ಮಾತ್ರ. ಒತ್ತಿದ ಗಾಳಿಯನ್ನು ಇಂಟರ್‌ಕೂಲರ್ ಎಂಬ ರೇಡಿಯೇಟರಿನಂಥ ಜಾಲರಿಯ ಮೂಲಕ ಹಾಯಿಸಿ ೫೦ ಡಿಗ್ರಿಗೆ ತಂಪುಮಾಡಿದರೆ ಒಂದೂ ಕಾಲು ಹೋಗಿ ಸುಮಾರು ೧.೪ ಪಾಲಾಗುವುದು. ಇಂಟರ್‌ಕೂಲರಿಲ್ಲದೆ ಕೇವಲ ಒತ್ತಡವನ್ನು ಏರಿಸುತ್ತ ಹೋಗುವುದು, ಕಮ್ಮಾರನು ಕಬ್ಬಿಣವನ್ನು ಮರೆತು ತಿದಿಯನ್ನು ಒತ್ತುತ್ತಿದ್ದಂತೆಯೇ ಸರಿ.

ನಿರ್ಮಾಪಕರು ಮಾಡಿದ್ದೇನು?

ಈ ಉಪಾಯವು ಹೊಸದಲ್ಲ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬುಶಿ ಎಂಬ ಇಂಜಿನಿಯರು ೧೯೦೫ರಲ್ಲಿಯೇ ಇದಕ್ಕೆ ಪೇಟೆಂಟು ಪಡೆದರು. ಇಪ್ಪತ್ತು ವರ್ಷಗಳ ತರುವಾಯ ಜರ್ಮನಿಯ ಎರಡು ಪ್ರಯಾಣಿಕ ಹಡಗುಗಳ ಹತ್ತು ಸಿಲಿಂಡರಿನ ಡೀಸೆಲ್ ಇಂಜಿನುಗಳಿಗೆ ಅವರ ಪದ್ಧತಿಯನ್ನು ಅಳವಡಿಸಿದಾಗ, ೧೭೫೦ ಕುದುರೆ ಶಕ್ತಿಯ ಇಂಜಿನು ೨೫೦೦ ಕುದುರೆ ಶಕ್ತಿಯನ್ನು ಕೊಟ್ಟಿತು. ಹಡಗಿನಿಂದ ಲಾರಿಗೆ ಬಂದ ಈ ಯಂತ್ರವು ಡೀಸೆಲ್ ಕಾರಿಗೆ ಬರಲು ಮತ್ತೆ ಅನೇಕ ವರ್ಷಗಳು ಹಿಡಿದುವು.

ಕಾರಿನ ವಿಷಯದಲ್ಲಿ ಮರ್ಸಿಡಿಸ್ ಬೆಂಜ್ ಕಂಪೆನಿಯವರ ಐದು ಸಿಲಿಂಡರಿನ ಮೂರು ಲೀಟರ್ ಇಂಜಿನಿನ ಚರಿತ್ರೆಯು ನಮ್ಮ ಪ್ರಶ್ನೆಗೆ ನೇರವಾದ ಉತ್ತರವನ್ನು ಕೊಡುತ್ತದೆ. ೧೯೭೪ರಲ್ಲಿ ಬಂದ ಈ ಇಂಜಿನಿಗೆ ಟರ್ಬೋ ಇರಲಿಲ್ಲ. ಶಕ್ತಿ ೮೦ ಕುದುರೆಗಳಷ್ಟು. ಅದು ದೀರ್ಘಾಯುಷ್ಯಕ್ಕೆ ಹೆಸರಾದ ಇಂಜಿನು. ಟ್ಯಾಕ್ಸಿಯವರು ಅದನ್ನು ಲಕ್ಷಗಟ್ಟಲೆ ಕಿಲೋಮೀಟರು ಓಡಿಸಿದರು. ೧೯೭೬ರಲ್ಲಿ ಕಂಪೆನಿಯವರು ಅದೇ ಜಾತಿಯ ಇಂಜಿನಿಗೆ ಟರ್ಬೋವನ್ನೂ ಇಂಟರ್‌ಕೂಲರನ್ನೂ ಕೂಡಿಸಿ, ೧೯೦ ಕುದುರೆ ಶಕ್ತಿಯನ್ನು ಪಡೆದು, ಸಿ ೧೧೧ ಎಂಬ ಪ್ರಯೋಗದ ಕಾರಿನಲ್ಲಿಟ್ಟು, ಇಟಲಿಯ ನಾರ್ದೋ ಎಂಬಲ್ಲಿ ಹಗಲೂ ರಾತ್ರಿ ಓಡಿಸಿ, ಗಂಟೆಗೆ ಸರಾಸರಿ ೨೫೦ ಕಿಲೋಮೀಟರಿಗೂ ಹೆಚ್ಚಿನ ವೇಗದ ದಾಖಲೆಗಳನ್ನು ಸ್ಥಾಪಿಸಿದರು. ಇಷ್ಟಾದ ಮೇಲೂ, ೧೯೭೮ರಲ್ಲಿ ಅಮೆರಿಕದ ಗಿರಾಕಿಗಳಿಗೆ ಟರ್ಬೋ ಕಾರನ್ನು ಮಾರಲು ಹೊರಟಾಗ, ಅವರು ಪಡೆದದ್ದು ಸುಮಾರು ೧೧೫ ಕುದುರೆ ಶಕ್ತಿ ಮಾತ್ರ. ೧೯೦ನ್ನು ಕಂಡವರು ೧೧೫ಕ್ಕೆ ನಿಂತರು!

ಆ ೧೧೫ಕ್ಕಾದರೂ ಅವರು ಏನೇನು ಬದಲಾಯಿಸಿದರೆಂಬುದನ್ನು ನೋಡಬೇಕು. ಪಿಸ್ಟನ್ನುಗಳ ಕೆಳಗಿನಿಂದ ಆಯಿಲನ್ನು ಚಿಮ್ಮಿಸಿ ತಂಪುಮಾಡುವ ಸಣ್ಣ ನಳಿಗೆಗಳನ್ನು ಇಟ್ಟರು. ಅಷ್ಟು ಆಯಿಲು ಬೇಕಾದುದರಿಂದ ಆಯಿಲ್ ಪಂಪನ್ನು ದೊಡ್ಡದು ಮಾಡಿದರು. ಹೊಗೆ ಹೊರಡುವ ವಾಲ್ವುಗಳನ್ನು ಟೊಳ್ಳು ಮಾಡಿ, ಕಾವನ್ನು ಬೇಗ ಸಾಗಿಸಲೆಂದು ಒಳಗೆ ಸೋಡಿಯಂ ಲೋಹವನ್ನು ತುಂಬಿದರು. ಕ್ರ್ಯಾಂಕ್ ಶಾಫ್ಟಿನ ಮೈಯನ್ನು ಗಡುಸುಗೊಳಿಸಿದರು. ಟರ್ಬೋ ಒತ್ತಡಕ್ಕೆ ತಕ್ಕಂತೆ ಎಣ್ಣೆಯನ್ನು ಹೆಚ್ಚು ಕಡಮೆ ಮಾಡುವ ಸಾಧನವನ್ನು ಡೀಸೆಲ್ ಪಂಪಿಗೆ ಕೂಡಿಸಿದರು. ಒತ್ತಡ ಮಿತಿಮೀರಿದರೆ ಎಣ್ಣೆಯನ್ನು ತಾನಾಗಿ ಕಡಮೆ ಮಾಡುವ ಏರ್ಪಾಡನ್ನೂ ಇಟ್ಟರು. ಹೊರಗಿನಿಂದ ನೋಡತಕ್ಕವನಿಗೆ ಕಾಣುವ ಬದಲಾವಣೆ ಟರ್ಬೋ ಒಂದೇ. ಉಳಿದ ಹಣವೆಲ್ಲ ಖರ್ಚಾದದ್ದು ಒಳಗೆ. ಗುಜರಿಯ ಟರ್ಬೋವನ್ನು ತರತಕ್ಕವರು ತರುವುದು ಈ ಪಟ್ಟಿಯಲ್ಲಿ ಕಾಣುವ ಒಂದನ್ನು ಮಾತ್ರ.

ನಮ್ಮ ದೇಶದಲ್ಲಿಯೂ ಇದೇ ದಾರಿ ನಡೆದಿದೆ. ಮೇಲೆ ಹೇಳಿದ ೧೪೦೫ ಘನ ಸೆಂಟಿಮೀಟರಿನ ಟಾಟಾ ಇಂಜಿನು ಟರ್ಬೋ ಇಲ್ಲದೆ ೫೩ ಕುದುರೆ ಶಕ್ತಿಯದಾಗಿತ್ತು. ಮುಂದೆ ಕಂಪೆನಿಯವರೇ ಅದೇ ಅಳತೆಯ ಇಂಜಿನಿಗೆ ಟರ್ಬೋವನ್ನೂ ಇಂಟರ್‌ಕೂಲರನ್ನೂ ಕೂಡಿಸಿದಾಗ ದೊರೆತದ್ದು ಸುಮಾರು ೭೦. ಯಾರಾದರೂ ನಿಮ್ಮ ಇಂಜಿನಿನ ಶಕ್ತಿಯನ್ನು ಇಮ್ಮಡಿ ಮಾಡಿಕೊಡುವುದಾಗಿ ಹೇಳಿದರೆ, ಕಾರ್ಖಾನೆಯವರೇ ಮೂರರಲ್ಲೊಂದು ಪಾಲನ್ನು ಮಾತ್ರ ಹೆಚ್ಚಿಸಿದರೆಂಬುದನ್ನು ಅವರಿಗೆ ತಿಳಿಸಬಹುದು.

ಕಣ್ಣಾರೆ ಕಂಡ ಒಂದು ಜೀಪು

ಘಾಟಿಯ ಮೇಲಿನ ಒಂದು ಗ್ರಾಮದಲ್ಲಿ ಅಡಿಕೆ ತೋಟವುಳ್ಳ ಯಜಮಾನರೊಬ್ಬರು ತಮ್ಮ ಹಳೆಯ ಜೀಪಿಗೆ ಟರ್ಬೋ ಹಾಕಿಸಿದ್ದರು. ತಾಲ್ಲೂಕು ಪಟ್ಟಣದ ಗ್ಯಾರೇಜಿನಲ್ಲಿ ಕೆಲಸವಾಗಿತ್ತು. ಟರ್ಬೋ ಯಾವುದೋ ಲಾರಿಯದು, ಜೀಪಿನ ಇಂಜಿನಿಗೆ ಬಹು ದೊಡ್ಡದು. ದೊಡ್ಡ ಚಕ್ರವನ್ನು ತಿರುಗಿಸಲು ಹೆಚ್ಚು ಹೊಗೆ ಬೇಕು. ಏರಿನಲ್ಲಿ ನಿಧಾನವಾಗಿ ಹೋಗುವ ಚಿಕ್ಕ ಇಂಜಿನಿನಲ್ಲಿ ಅಷ್ಟು ಹೊಗೆ ಹುಟ್ಟುವುದಿಲ್ಲ. ಹೀಗಾಗಿ ಜೋಡಿಸಿದ ದಿವಸ ಜೀಪು ಮೊದಲಿಗಿಂತ ಮಂದವಾಗಿಯೇ ಹತ್ತಿತಂತೆ. ಗ್ಯಾರೇಜಿನವರು ಇದಕ್ಕೆ ಮದ್ದೆಂದು ಡೀಸೆಲ್ ಪಂಪಿನ ಸೀಲನ್ನು ಒಡೆದು, ಎಣ್ಣೆಯ ತಿರುಪನ್ನು ಎರಡು ಸುತ್ತು ಬಿಗಿ ಮಾಡಿದರು. ಆಗ ಜೀಪು ಎರಡನೆಯ ಗೇರಿನ ಏರನ್ನು ಮೂರನೆಯ ಗೇರಿನಲ್ಲಿ ಹತ್ತತೊಡಗಿತು. ಹೊಗೆ ಮಾತ್ರ ಹೆಚ್ಚಾಯಿತು. ಊರಿನವರೆಲ್ಲ ಜೀಪಿನ ಓಟವನ್ನು ನೋಡಿದರೇ ಹೊರತು ಹೊಗೆಯನ್ನು ನೋಡಲಿಲ್ಲ.

ನಾಲ್ಕನೆಯ ತಿಂಗಳಲ್ಲಿ, ಬೇಸಗೆಯ ಒಂದು ಮಧ್ಯಾಹ್ನ, ಗೊಬ್ಬರವನ್ನು ಹೇರಿಕೊಂಡು ಬರುತ್ತಿದ್ದಾಗ ಜೀಪು ಘಾಟಿಯ ನಡುವೆ ನಿಂತಿತು. ನಾವು ಬೇರೆ ಕೆಲಸದ ಮೇಲೆ ಆ ಗ್ರಾಮಕ್ಕೆ ಹೋದಾಗ ಬಿಚ್ಚಿದ ಪಿಸ್ಟನ್ನುಗಳು ಅವರ ಮನೆಯ ಜಗಲಿಯ ಮೇಲಿದ್ದುವು. ಮೂರನೆಯ ಪಿಸ್ಟನ್ನಿನ ತಲೆಯಲ್ಲಿ ಹೆಬ್ಬೆರಳು ತೂರುವಷ್ಟು ತೂತು. ಅದರ ಅಂಚು ಒಡೆದುದಾಗಿರಲಿಲ್ಲ. ಮೇಣದಂತೆ ಕರಗಿ ಹರಿದುದಾಗಿತ್ತು. ಶುದ್ಧ ಅಲ್ಯೂಮಿನಿಯಂ ೬೬೦ ಡಿಗ್ರಿಯಲ್ಲಿ ಕರಗುತ್ತದೆ. ಪಿಸ್ಟನ್ನು ಎರಕ ಹೊಯ್ಯುವ ಮಿಶ್ರ ಲೋಹವು ಅದಕ್ಕಿಂತ ಮೊದಲೇ ಮೆತ್ತಗಾಗುವುದು.

"ಗಾಳಿ ತಾನೆ ಸ್ವಾಮಿ, ನಾನು ಹಾಕಿಸಿದ್ದು? ಗಾಳಿಯಿಂದ ಏನು ಕೆಟ್ಟೀತು ಅಂದುಕೊಂಡೆ" ಎಂದು ಯಜಮಾನರು ಕೇಳಿದರು. ಕೆಟ್ಟದ್ದು ಗಾಳಿಯಿಂದಲ್ಲ. ಟರ್ಬೋ ಸರಿಯಾಗಿ ತಿರುಗದೆ ಗಾಳಿ ಬಾರದಿದ್ದಾಗಲೂ ಎಣ್ಣೆಯು ಹೆಚ್ಚಾಗಿಯೇ ಬೀಳುತ್ತಿತ್ತು. ಕಡಮೆ ಗಾಳಿಯಲ್ಲಿ ಹೆಚ್ಚು ಎಣ್ಣೆ ಉರಿದಾಗ ಡೀಸೆಲ್ ಇಂಜಿನಿನ ಕಾವು ಮಿತಿಮೀರುವುದು. ಪೆಟ್ರೋಲ್ ಇಂಜಿನಿನ ಅನುಭವವುಳ್ಳವರು ಇದನ್ನು ತಲೆಕೆಳಗಾಗಿ ತಿಳಿಯುವುದುಂಟು. ಪೆಟ್ರೋಲ್ ಇಂಜಿನಿನಲ್ಲಿ ಎಣ್ಣೆ ಹೆಚ್ಚಾದರೆ ತಂಪು, ಡೀಸೆಲ್ ಇಂಜಿನಿನಲ್ಲಿ ಎಣ್ಣೆ ಹೆಚ್ಚಾದರೆ ಕಾವು. ಈ ಒಂದು ಭೇದವನ್ನು ಆ ಗ್ಯಾರೇಜಿನವರು ತಿಳಿದಿದ್ದರೆ ಇಂಜಿನು ಉಳಿಯುತ್ತಿತ್ತು. ಸಿಲಿಂಡರಿಗೂ ಗೀರು ಬಿದ್ದಿದ್ದುದರಿಂದ ರಿಪೇರಿಗೆ ಎರಡು ತಿಂಗಳು ಹಿಡಿಯಿತು. ಆ ವರ್ಷದ ಅಡಿಕೆಯ ಹಣದಲ್ಲಿ ದೊಡ್ಡ ಪಾಲು ಅದಕ್ಕೆ ಹೋಯಿತು. ಅಷ್ಟು ಕಾಲವೂ ಆ ಗ್ರಾಮದಲ್ಲಿ ಕಾಯಿಲೆಯವರನ್ನು ಬಸ್ಸಿನ ರಸ್ತೆಯವರೆಗೆ ಹೊತ್ತುಕೊಂಡೇ ಹೋಗಬೇಕಾಯಿತು.

ಮೊದಲು ಇರುವುದನ್ನು ಪರೀಕ್ಷಿಸತಕ್ಕದ್ದು

ಟರ್ಬೋ ಬೇಕೆನ್ನುವ ವಾಹನಗಳಲ್ಲಿ ಅನೇಕಕ್ಕೆ ನಿಜವಾಗಿ ಬೇಕಾದುದು ಟರ್ಬೋ ಅಲ್ಲ. ಹೊಸದಾಗಿದ್ದಾಗ ಇದ್ದ ಶಕ್ತಿಯೇ ಅವುಗಳಲ್ಲಿ ಈಗ ಉಳಿದಿಲ್ಲ. ಗಾಳಿಯ ಫಿಲ್ಟರು ಸುಗ್ಗಿಯ ಧೂಳಿನಿಂದ ಕಟ್ಟಿಕೊಂಡಿದ್ದರೆ ಇಂಜಿನಿಗೆ ಉಸಿರೇ ಇರುವುದಿಲ್ಲ. ಇಂಜೆಕ್ಟರಿನ ನಾಝಲುಗಳು ಸವೆದು, ತುಂತುರಿನ ಬದಲು ಹನಿಹನಿಯಾಗಿ ಎಣ್ಣೆಯನ್ನು ಸುರಿಸುತ್ತಿದ್ದರೆ ಅದು ಅರ್ಧ ಉರಿದು ಹೊಗೆಯಾಗುತ್ತದೆ. ಡೀಸೆಲ್ ಫಿಲ್ಟರು ಕಟ್ಟಿದ್ದರೂ, ಪಂಪಿನ ಟೈಮಿಂಗು ತಪ್ಪಿದ್ದರೂ, ಕ್ಲಚ್ಚು ಜಾರುತ್ತಿದ್ದರೂ, ಬ್ರೇಕು ಹಿಡಿದುಕೊಂಡಿದ್ದರೂ ಏರಿನಲ್ಲಿ ಕಾಣುವುದು ಒಂದೇ ಲಕ್ಷಣ. ಇವುಗಳನ್ನೆಲ್ಲ ಸರಿಪಡಿಸಿ ಒಂದು ತಿಂಗಳು ಓಡಿಸಿ ನೋಡಿದವರಲ್ಲಿ ಟರ್ಬೋವಿನ ಮಾತನ್ನು ಬಿಟ್ಟವರನ್ನು ನಾವು ಬಲ್ಲೆವು.

ಇಷ್ಟಾದ ಮೇಲೂ ಮನಸ್ಸಿರತಕ್ಕವರು ಸಿಲಿಂಡರುಗಳ ಕಂಪ್ರೆಷನ್ ಒತ್ತಡವನ್ನು ಮೀಟರಿನಿಂದ ಅಳೆಯಿಸತಕ್ಕದ್ದು. ಎಲ್ಲ ಸಿಲಿಂಡರುಗಳೂ ಹೆಚ್ಚು ಕಡಮೆ ಒಂದೇ ಸಮನಾಗಿರಬೇಕು. ಒಂದು ಮಾತ್ರ ಬಹಳವಾಗಿ ಕುಗ್ಗಿದ್ದರೆ ಆ ಇಂಜಿನಿಗೆ ಟರ್ಬೋವಿನ ಮಾತೇ ಬೇಡ. ಆಯಿಲ್ ಹಾಕುವ ಬಾಯಿಯನ್ನು ತೆರೆದಾಗ ಒಳಗಿನಿಂದ ಹೊಗೆ ಬುಸುಗುಟ್ಟುತ್ತಿದ್ದರೆ ಪಿಸ್ಟನ್ ರಿಂಗುಗಳು ಸವೆದಿವೆಯೆಂದು ತಿಳಿಯಬೇಕು. ರೇಡಿಯೇಟರ್ ನೀರು ಈಗಲೇ ಏರಿನಲ್ಲಿ ಕುದಿಯುತ್ತಿದ್ದರೆ ಮುಂದೆ ಇನ್ನೂ ಹೆಚ್ಚಾಗಿ ಕುದಿಯುವುದು ನಿಶ್ಚಯ. ಇನ್ನೊಂದು ಸೂಕ್ಷ್ಮ ಸಂಗತಿಯುಂಟು: ಕೆಲವು ಹಳೆಯ ಡೀಸೆಲ್ ಪಂಪುಗಳ ಗವರ್ನರು ಇಂಜಿನು ಗಾಳಿಯನ್ನು ಹೀರುವ ಸೆಳೆತದಿಂದಲೇ ನಡೆಯುತ್ತದೆ. ಅಲ್ಲಿ ಟರ್ಬೋ ಗಾಳಿಯನ್ನು ಒತ್ತತೊಡಗಿದರೆ ಸೆಳೆತವು ಇಲ್ಲವಾಗಿ, ವೇಗದ ಕಡಿವಾಣವೇ ತಪ್ಪಿಹೋಗುತ್ತದೆ. ಗಾಳಿಯ ಕೊಳವೆಯಿಂದ ಡೀಸೆಲ್ ಪಂಪಿನ ಬೆನ್ನಿಗೆ ಒಂದು ಸಣ್ಣ ನಳಿಗೆ ಹೋಗಿದ್ದರೆ, ಅದು ಯಾತಕ್ಕಿದೆ ಎಂಬುದನ್ನು ಪಂಪಿನ ಕೆಲಸವನ್ನೇ ಮಾಡತಕ್ಕ ಅಂಗಡಿಯಲ್ಲಿ ತೋರಿಸದೆ ಮುಂದುವರಿಯಕೂಡದು.

ಜೋಡಿಸುವ ಕ್ರಮದಲ್ಲಿ ಮುಖ್ಯವಾದುವು

ಟರ್ಬೋವನ್ನು ಇಂಜಿನಿನ ಅಳತೆಗೆ ತಕ್ಕಂತೆ ಆರಿಸತಕ್ಕದ್ದು. ಕಾರ್ಖಾನೆಯಿಂದಲೇ ಟರ್ಬೋ ಪಡೆದ ಅಷ್ಟೇ ಅಳತೆಯ ಇಂಜಿನಿನದಾದರೆ ಉತ್ತಮ. ಒತ್ತಡವು ಐದಾರು ಪೌಂಡಿಗೆ ಮೀರದಂತೆ ಹೊಗೆಯನ್ನು ಪಕ್ಕಕ್ಕೆ ಬಿಡುವ ಬಾಗಿಲು ಅದಕ್ಕೆ ಇರಬೇಕು. ಎಣ್ಣೆಯ ತಿರುಪನ್ನು ಮುಟ್ಟದೆ ಇಷ್ಟನ್ನೇ ಮಾಡಿದರೆ ಶಕ್ತಿ ಹೆಚ್ಚಾದಂತೆ ಕಾಣದಿದ್ದರೂ, ಎತ್ತರದ ಸ್ಥಳಗಳಲ್ಲಿ ಕಳೆದುಹೋದ ಗಾಳಿಯು ಮರಳಿ ದೊರೆತು ಹೊಗೆ ಕಡಮೆಯಾಗುತ್ತದೆ, ಇಂಜಿನಿನ ಕಾವೂ ಇಳಿಯುತ್ತದೆ. ಮಲೆನಾಡಿನಲ್ಲಿರುವ ಹಳೆಯ ಇಂಜಿನಿಗೆ ಟರ್ಬೋವಿನಿಂದ ಆಗಬಹುದಾದ ನಿಜವಾದ ಉಪಕಾರವು ಇದೇ ಎಂದು ನಾವು ಅಭಿಪ್ರಾಯಪಡುತ್ತೇವೆ. ಇದಕ್ಕಿಂತ ಹೆಚ್ಚಿನದನ್ನು ಬಯಸತಕ್ಕವರು, ಹೊಗೆಯು ಟರ್ಬೋವನ್ನು ಮುಟ್ಟುವುದಕ್ಕೆ ಮುಂಚಿನ ಸ್ಥಳದಲ್ಲಿ ಅದರ ಕಾವನ್ನು ತೋರಿಸುವ ಮೀಟರನ್ನು ಇಡಿಸದೆ ತಿರುಪನ್ನು ಮುಟ್ಟಬಾರದು. ದೀರ್ಘವಾದ ಏರಿನಲ್ಲಿ ಆ ಮೀಟರು ೭೦೦ ಡಿಗ್ರಿ ಸೆಂಟಿಗ್ರೇಡನ್ನು ಸಮೀಪಿಸಿದರೆ ಆಕ್ಸಿಲರೇಟರಿನಿಂದ ಕಾಲನ್ನು ತೆಗೆದು ಕೆಳಗಿನ ಗೇರಿಗೆ ಬರಬೇಕು. ನೀರಿನ ಕಾವಿನ ಮುಳ್ಳು ಇದನ್ನು ತೋರಿಸುವುದಿಲ್ಲ. ನೀರು ಕಾಯುವಷ್ಟರಲ್ಲಿ ಪಿಸ್ಟನ್ನು ಕರಗಿರುತ್ತದೆ.

ಟರ್ಬೋವಿಗೆ ಆಯಿಲು ಬರುವ ಕೊಳವೆ ಸಣ್ಣದು, ಮರಳುವ ಕೊಳವೆ ದೊಡ್ಡದು. ಬರುವಾಗ ಆಯಿಲಿಗೆ ಪಂಪಿನ ಒತ್ತಡವಿರುತ್ತದೆ. ಮರಳುವಾಗ ಅದು ಗದ್ದೆಯಿಂದ ಗದ್ದೆಗೆ ನೀರಿಳಿಯುವಂತೆ ತಾನಾಗಿಯೇ ಇಳಿಯಬೇಕು. ಆದುದರಿಂದ ಮರಳುವ ಕೊಳವೆಯು ಎಲ್ಲಿಯೂ ಮೇಲಕ್ಕೆ ಬಾಗದೆ, ಆಯಿಲ್ ಚೇಂಬರಿನಲ್ಲಿ ಆಯಿಲಿನ ಮಟ್ಟಕ್ಕಿಂತ ಮೇಲೆ ಸೇರತಕ್ಕದ್ದು. ಮೇಲೆ ಹೇಳಿದ ಜೀಪಿನಲ್ಲಿ ಈ ಕೊಳವೆಯು ಹಂಸದ ಕೊರಳಿನಂತೆ ಬಾಗಿತ್ತು; ಮರಳಲಾರದ ಆಯಿಲು ಟರ್ಬೋವಿನಿಂದ ಸೋರಿ ಗಾಳಿಯ ಕೊಳವೆಗೆಲ್ಲ ಬಳಿದುಕೊಂಡಿತ್ತು. ಗಾಳಿಯ ಫಿಲ್ಟರನ್ನೂ ದೊಡ್ಡದಾಗಿ ಇಡಬೇಕು. ಫಿಲ್ಟರಿಗೂ ಟರ್ಬೋವಿಗೂ ನಡುವೆ ಒಂದು ಕ್ಲಿಪ್ಪು ಸಡಿಲವಾದರೂ, ಲಕ್ಷ ಸುತ್ತಿನ ವೇಗದಲ್ಲಿ ತಿರುಗುವ ರೆಕ್ಕೆಗಳಿಗೆ ಮರಳಿನ ಕಣವು ಅರದಂತೆ ಕೆಲಸಮಾಡುವುದು.

ಕಾನೂನಿನ ಸಂಗತಿ

ಅನೇಕರು ಇದನ್ನು ಗಮನಿಸುವುದೇ ಇಲ್ಲ. ೧೯೮೮ರ ಮೋಟಾರು ವಾಹನಗಳ ಅಧಿನಿಯಮದ ೫೨ನೆಯ ಪ್ರಕರಣದ ಮೇರೆಗೆ, ನೋಂದಣಿ ಪತ್ರದಲ್ಲಿರುವ ವಿವರಗಳು ನಿರ್ಮಾಪಕರು ಮೊದಲು ಗೊತ್ತುಮಾಡಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ಯಾವ ಮಾಲೀಕನೂ ವಾಹನವನ್ನು ಮಾರ್ಪಡಿಸಕೂಡದು. ೨೦೧೯ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಈ ನಿಬಂಧನೆಯನ್ನು ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಿಂದ ಸೇರಿದ ೧೮೨-ಎ ಪ್ರಕರಣದಲ್ಲಿ, ಅನುಮತಿಯಿಲ್ಲದ ಮಾರ್ಪಾಟಿಗೆ ಆರು ತಿಂಗಳವರೆಗಿನ ಸೆರೆವಾಸ, ಇಲ್ಲವೆ ಪ್ರತಿಯೊಂದು ಮಾರ್ಪಾಟಿಗೂ ೫೦೦೦ ರೂಪಾಯಿ ದಂಡ, ಇಲ್ಲವೆ ಎರಡನ್ನೂ ವಿಧಿಸಬಹುದಾಗಿದೆ. ಆದುದರಿಂದ ಪ್ರಾದೇಶಿಕ ಸಾರಿಗೆ ಅಧಿಕಾರಿಯವರಿಗೆ ಅರ್ಜಿ ಕೊಟ್ಟು, ಲಿಖಿತವಾದ ಉತ್ತರವನ್ನು ಪಡೆದ ಹೊರತು ಟರ್ಬೋವಿಗೆ ಮುಂಗಡ ಕೊಡಬಾರದು. ಉತ್ತರವು ಬೇಡವೆಂದಿದ್ದರೆ ವಿಚಾರವು ಅಲ್ಲಿಗೆ ಮುಗಿಯಿತು. ಅನುಮತಿ ದೊರೆತರೆ ವಿಮೆಯ ಕಂಪೆನಿಗೂ ಅದರ ನಕಲನ್ನು ಕಳುಹಿಸತಕ್ಕದ್ದು. ತಿಳಿಸದೆ ಮಾರ್ಪಡಿಸಿದ ವಾಹನವು ಅಪಘಾತಕ್ಕೆ ಸಿಕ್ಕಿದರೆ ಪರಿಹಾರದ ವಿಷಯದಲ್ಲಿ ತಕರಾರು ಹುಟ್ಟುವ ಸಂಭವವುಂಟು. ಹದಿನೈದು ವರ್ಷ ತುಂಬಿದ ಖಾಸಗಿ ವಾಹನದ ನೋಂದಣಿಯನ್ನು ಮುಂದುವರಿಸುವಾಗ ವಾಹನವನ್ನು ತಪಾಸಣೆಗೆ ಒಪ್ಪಿಸಬೇಕಾಗುವುದರಿಂದ, ಅಲ್ಲಿಯೂ ಇದು ಬಯಲಾಗುತ್ತದೆ.

ಈಗಾಗಲೇ ಟರ್ಬೋ ಇರುವವರಿಗೆ

ಕಾರ್ಖಾನೆಯಿಂದಲೇ ಟರ್ಬೋ ಬಂದಿರುವ ವಾಹನವುಳ್ಳವರಿಗೂ ಮುಂದಿನ ಮಾತುಗಳು ಅನ್ವಯಿಸುತ್ತವೆ. ಬೆಳಗ್ಗೆ ಇಂಜಿನು ಹೊರಟ ಕೂಡಲೆ ಆಕ್ಸಿಲರೇಟರನ್ನು ಒತ್ತದೆ, ಆಯಿಲು ಮೇಲಕ್ಕೆ ಮುಟ್ಟುವವರೆಗೆ ಅರ್ಧ ನಿಮಿಷ ತಾಳಬೇಕು. ಘಾಟಿಯನ್ನು ಹತ್ತಿ ಬಂದ ಮೇಲೆ ಕೂಡಲೆ ಬೀಗದಕೈಯನ್ನು ತಿರುಗಿಸಿ ನಿಲ್ಲಿಸದೆ, ಒಂದೆರಡು ನಿಮಿಷ ಇಂಜಿನನ್ನು ಮೆಲ್ಲಗೆ ಓಡಬಿಡಬೇಕು. ಕೆಂಪಗೆ ಕಾದ ಟರ್ಬೋವಿನಲ್ಲಿ ನಿಂತ ಆಯಿಲು ಸೀದು ಕರಕಾಗಿ ಬೇರಿಂಗಿನ ದಾರಿಯನ್ನು ಮುಚ್ಚುತ್ತದೆ. ಆಯಿಲನ್ನು ಟರ್ಬೋ ಇಂಜಿನಿಗೆಂದೇ ಮಾಡಿದ ಜಾತಿಯದನ್ನು ಹಾಕಿ, ಪುಸ್ತಕದಲ್ಲಿ ಹೇಳಿದ ಅವಧಿಗೆ ಮುಂಚೆಯೇ ಬದಲಾಯಿಸುವುದು ಲೇಸು.

ಕಡೆಯದಾಗಿ ಒಂದು ಅಪಾಯವನ್ನು ಚಾಲಕರಿಗೆಲ್ಲ ಕರೆದು ತಿಳಿಸತಕ್ಕದ್ದು. ಟರ್ಬೋವಿನ ಸೀಲು ಕೆಟ್ಟು ಇಂಜಿನ್ ಆಯಿಲು ಗಾಳಿಯೊಡನೆ ಸಿಲಿಂಡರಿಗೆ ಹೋಗತೊಡಗಿದರೆ, ಇಂಜಿನು ಆ ಆಯಿಲನ್ನೇ ಉರಿಸಿಕೊಂಡು ತಾನಾಗಿ ಓಡುತ್ತದೆ. ದಟ್ಟವಾದ ನೀಲಿ ಬಿಳಿ ಹೊಗೆಯೊಡನೆ ಶಬ್ದವು ಏರುತ್ತ ಹೋಗುವುದು. ಬೀಗದಕೈ ತೆಗೆದರೂ ಡೀಸೆಲ್ ನಿಲ್ಲಿಸಿದರೂ ನಿಲ್ಲದು. ಆಗ ಗಾಬರಿಯಾಗದೆ, ವಾಹನವನ್ನು ನಿಲ್ಲಿಸಿ, ಬ್ರೇಕನ್ನು ಪೂರ್ತಿಯಾಗಿ ಒತ್ತಿ ಹಿಡಿದು, ಕೈಬ್ರೇಕನ್ನೂ ಎಳೆದು, ಎಲ್ಲಕ್ಕಿಂತ ಮೇಲಿನ ಗೇರಿಗೆ ಹಾಕಿ, ಕ್ಲಚ್ಚನ್ನು ಒಮ್ಮೆಲೆ ಬಿಟ್ಟುಬಿಡಬೇಕು. ವಾಹನದ ಮುಂದೆ ಯಾರೂ ನಿಂತಿರಕೂಡದು. ಇದರಿಂದ ನಿಲ್ಲದಿದ್ದರೆ, ಗಾಳಿ ಹೀರುವ ಬಾಯಿಗೆ ದಪ್ಪ ಹಲಗೆಯನ್ನೋ ಲೋಹದ ತಟ್ಟೆಯನ್ನೋ ಒತ್ತಿ ಮುಚ್ಚಬೇಕು. ಬಟ್ಟೆಯನ್ನು ಹಿಡಿದರೆ ಅದನ್ನು ಇಂಜಿನು ಒಳಕ್ಕೆ ಸೆಳೆದುಕೊಳ್ಳುತ್ತದೆ. ಅಂಗೈಯನ್ನು ಎಂದಿಗೂ ಒಡ್ಡಬಾರದು. ಹಲಗೆ ಕೈಗೆ ಸಿಕ್ಕದಿದ್ದರೆ ಇಂಜಿನಿನ ಆಸೆಯನ್ನು ಬಿಟ್ಟು, ಒಳಗಿರುವವರನ್ನೆಲ್ಲ ಇಳಿಸಿ, ದೂರ ಕರೆದುಕೊಂಡು ಹೋಗತಕ್ಕದ್ದು.